ನಲವತ್ತೊಂದನೆಯ ಸೂಜಿ

ಕನ್ನಡಕದವನಿಗೆ ಸ್ವಂತ ಅಭಿಪ್ರಾಯ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಬೀದಿಯ ತಿರುವಿನಲ್ಲಿ ಅಂಗಡಿ ಇತ್ತು, ಗಾಜಿನ ಬೀರುವಿನಲ್ಲಿ ಮುನ್ನೂರು ಫ್ರೇಮು ಇದ್ದವು, ಎಲ್ಲವನ್ನೂ ತಿಳಿದ ಹೆಂಡತಿ ಇದ್ದಳು. ಅಭಿಪ್ರಾಯ ಮಾತ್ರ ಇರಲಿಲ್ಲ. ಅದಕ್ಕೆ ಅವನ ಕಸುಬನ್ನೇ ದೂರಬೇಕು. ಬೆಳಗಿನಿಂದ ಸಂಜೆಯ ತನಕ ಅವನು ಜನರ ಗದ್ದವನ್ನು ಯಂತ್ರದ ಬಟ್ಟಲಿನ ಮೇಲೆ ಇಡಿಸಿ, ಕಣ್ಣ ಮುಂದೆ ಗಾಜು ತಿರುಗಿಸುತ್ತ, "ಒಂದನೆಯದು ಸ್ಪಷ್ಟವೋ, ಎರಡನೆಯದೋ?" ಎಂದು ಕೇಳುತ್ತಿದ್ದ. ಅವರು ಹೇಳುತ್ತಿದ್ದರು, ಅವನು ಬರೆದುಕೊಳ್ಳುತ್ತಿದ್ದ. ಇಪ್ಪತ್ತೆರಡು ವರ್ಷ ಕೇಳುವ ಕಡೆ ಕೂತವನಿಗೆ ಹೇಳುವ ಅಭ್ಯಾಸವೇ ತಪ್ಪಿಹೋಗಿತ್ತು. "ಕಿಟಕಿ ತೆರೆಯಲಾ, ಮುಚ್ಚಲಾ?" ಎಂದು ಹೆಂಡತಿ ಕೇಳಿದರೆ, "ಇನ್ನೊಂದು ಸಲ ತೋರಿಸು" ಎನ್ನುತ್ತಿದ್ದ.

ಅವನಿಗೆ ಇನ್ನೊಂದು ಚಟವೂ ಇತ್ತು. ಒಮ್ಮೆ ಗಿರಾಕಿಯೊಬ್ಬ "ನಾನು ಒಂದನೆಯದು ಅಂದಿದ್ದೆ, ನೀನು ಎರಡನೆಯದು ಹಾಕಿದ್ದೀಯ" ಎಂದು ಬೀದಿಯೆಲ್ಲ ಕೇಳುವಂತೆ ಜಗಳ ತೆಗೆದಿದ್ದ. ಅಂದಿನಿಂದ ಹೆಸರು, ವಿಳಾಸ, ಸಹಿ ಇಲ್ಲದೆ ಕನ್ನಡಕದವನು ಯಾವ ಉತ್ತರವನ್ನೂ ಬರೆದುಕೊಳ್ಳುತ್ತಿರಲಿಲ್ಲ. ಮುಂದೆ ಆದ ಅನಾಹುತಕ್ಕೆಲ್ಲ ಆ ಸಹಿಯೇ ಮೂಲ.

ಹಡಗಿನ ಮಾತು ಎತ್ತಿದ್ದು ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಅವನು ಲಿಫ್ಟ್ ಮಾರುವ ಕಂಪನಿಯಲ್ಲಿದ್ದ. ಜನರನ್ನು ಮೇಲಕ್ಕೆ ಕಳಿಸುವ ವಿದ್ಯೆ ತನಗೊಬ್ಬನಿಗೇ ಗೊತ್ತು ಎಂಬ ಠೀವಿಯವನು. ಏಳು ದಿನದ ಸಮುದ್ರಯಾನ, ಐದು ಜನ, ಎರಡು ಕ್ಯಾಬಿನ್. ಟಿಕೆಟ್ ಆದ ಮರುದಿನವೇ ಅವನು ಕಪ್ತಾನರು ಹಾಕುವಂಥ ಬಿಳಿ ಟೋಪಿಯೊಂದನ್ನು ತಂದು ತಲೆಗೇರಿಸಿದ. ಮುಂದೆ ಚಿನ್ನದ ಬಣ್ಣದ ಲಂಗರು ಹೊಲಿದಿತ್ತು. ಹಡಗಿಗೆ ಇನ್ನೂ ಎರಡು ತಿಂಗಳಿತ್ತು. ಬ್ಯಾಂಕಿಗೆ, ಕ್ಷೌರದಂಗಡಿಗೆ, ಪರಿಚಯದವರೊಬ್ಬರ ಶವಸಂಸ್ಕಾರಕ್ಕೂ ಅವನು ಅದರಲ್ಲೇ ಹೋಗಿಬಂದ.

ಆದರೆ ಈ ಪ್ರಯಾಣ ನಿಜಕ್ಕೂ ಬೇಕಾಗಿದ್ದದ್ದು ಅತ್ತೆಗೆ. ಹೆಂಡತಿಯ ತಾಯಿ, ಎಪ್ಪತ್ತೊಂಬತ್ತು ವರ್ಷ. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಮೂವತ್ತನಾಲ್ಕು ವರ್ಷ ಇಸ್ತ್ರಿ ಯಂತ್ರದ ಮುಂದೆ ನಿಂತವಳು.

"ಸಮುದ್ರ ಎಲ್ಲಿ ನೋಡಿದ್ರೂ ನೀರೇ. ಅದು ನನಗೆ ಬೇಡ," ಎಂದಿದ್ದಳು. "ಬೇರೆ ಯಾರೋ ಒಗೆದು, ಬೇರೆ ಯಾರೋ ಹಾಸಿ, ದಿನಾ ಬದಲಾಯಿಸೋ ಹಾಸಿಗೆ ಮೇಲೆ ಏಳು ರಾತ್ರಿ ಮಲಗಬೇಕು. ಅಷ್ಟೇ."

ಅಷ್ಟು ಹೇಳಿ ಆರು ವಾರ ಮೊದಲೇ ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇಟ್ಟಳು. ಹಗಲೆಲ್ಲ ಅದರ ಮೇಲೇ ಕೂರುತ್ತಿದ್ದಳು. ಉಡುವ ಬಟ್ಟೆ ಬೇಕಾದರೆ ಎದ್ದು, ಪೆಟ್ಟಿಗೆ ತೆರೆದು, ತೆಗೆದುಕೊಂಡು, ಮತ್ತೆ ಮುಚ್ಚಿ ಕೂರುತ್ತಿದ್ದಳು.

ಅಡ್ಡ ಬಂದದ್ದು ಅವಳ ಶ್ವಾಸಕೋಶ. ಹೋದ ವರ್ಷ ಫ್ಲೂ ಬಂದು, ಅದು ನ್ಯುಮೋನಿಯಾಕ್ಕೆ ತಿರುಗಿ, ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಎಪ್ಪತ್ತೈದು ದಾಟಿದವರನ್ನು ಡಾಕ್ಟರ ಪತ್ರವಿಲ್ಲದೆ ಹತ್ತಿಸುವುದಿಲ್ಲ ಎಂದು ಹಡಗಿನವರ ನಿಯಮ. ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು.

"ಜೊತೇಲಿ ಹೋಗೋರು ಯಾರ್ಯಾರು?"

"ನಾವಿಬ್ಬರು ಮಕ್ಕಳು, ಇಬ್ಬರು ಅಳಿಯಂದಿರು," ಎಂದಳು ಕನ್ನಡಕದವನ ಹೆಂಡತಿ.

"ಒಂದೇ ಮೇಜಲ್ಲಿ ಊಟ, ಒಂದೇ ಕ್ಯಾಬಿನ್ನಲ್ಲಿ ಉಸಿರು. ಇವರು ಹಾಕಿಸ್ಕೊಂಡ್ರೆ ಸಾಲದು, ನಾಲ್ಕು ಜನಾನೂ ಫ್ಲೂ ಲಸಿಕೆ ಹಾಕಿಸ್ಕೊಂಡಿರಬೇಕು. ಅದು ಮೈಗೆ ಹತ್ತೋಕೆ ಸುಮಾರು ಎರಡು ವಾರ ಬೇಕು. ಹಡಗು ಹೊರಡೋಕೆ ಹದಿನಾಲ್ಕು ದಿನ ಇರೋವಾಗ ಐದು ಚೀಟಿ ನನ್ನ ಮೇಜಿನ ಮೇಲೆ ಇರಲಿ. ಆಮೇಲೆ ಸಹಿ."

ಮೂವರು ಹೆಂಗಸರೂ ಅಲ್ಲೇ ತೋಳು ಕೊಟ್ಟರು. ಹನ್ನೊಂದು ನಿಮಿಷದಲ್ಲಿ ಕೆಲಸ ಮುಗಿಯಿತು.

"ಗಂಡಸರು ಎಲ್ಲಿ?" ಎಂದರು ಡಾಕ್ಟರಮ್ಮ.

"ಒಬ್ಬ ಅಂಗಡೀಲಿ, ಒಬ್ಬ ಟೋಪೀಲಿ," ಎಂದಳು ಅತ್ತೆ.

ಹಡಗಿಗೆ ಆಗ ಇಪ್ಪತ್ತೇಳು ದಿನ ಇತ್ತು. ಅಂದರೆ ಗಂಡಸರ ಕೈಯಲ್ಲಿ ಹದಿಮೂರು ದಿನ. ಔಷಧಿ ಅಂಗಡಿ ಕನ್ನಡಕದ ಅಂಗಡಿಯಿಂದ ನೂರಿಪ್ಪತ್ತು ಹೆಜ್ಜೆ.

ಅಂದು ಸಂಜೆ ಎರಡೂ ಸಂಸಾರ ಒಂದೇ ಮೇಜಿಗೆ ಕೂತವು. ಷಡ್ಡಕ ಟೋಪಿ ತೆಗೆಯದೆ ಮಾತಿಗೆ ಶುರು ಮಾಡಿದ.

"ನಾನು ಹಡಗಿನ ಮನುಷ್ಯ. ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಮುದ್ರದ ಗಾಳೀಲಿ ಉಪ್ಪಿರುತ್ತೆ. ಉಪ್ಪಲ್ಲಿ ಯಾವ ಕ್ರಿಮಿ ಬದುಕುತ್ತೆ, ಹೇಳಿ ನೋಡೋಣ?"

ಅವನ ಹಡಗಿನ ಅನುಭವ ಎಂದರೆ ಹಿಂದೊಮ್ಮೆ ನದಿ ದಾಟಿಸುವ ದೋಣಿಯಲ್ಲಿ ನಲವತ್ತು ನಿಮಿಷ. ಅದನ್ನೂ ಅವನು ಕಟಕಟೆಯ ಮೇಲೆ ಬಗ್ಗಿ, ಹೊಟ್ಟೆ ಖಾಲಿ ಮಾಡುತ್ತ ಕಳೆದಿದ್ದ.

"ಸಾವಿರಾರು ಜನ ಇರ್ತಾರೆ, ಭಾವ," ಎಂದಳು ಕನ್ನಡಕದವನ ಹೆಂಡತಿ. "ಒಂದೇ ಊಟದ ಹಾಲು, ಒಂದೇ ಕೈಗಂಬಿ. ಒಬ್ಬ ಕೆಮ್ಮಿದ್ರೆ ಎಲ್ಲರಿಗೂ ಪಾಲು."

"ಅದು ಸರಿ," ಎಂದ ಕನ್ನಡಕದವನು.

"ಹೆದರಿಸಿ ಮಾರೋದು ಒಂದು ವ್ಯಾಪಾರ," ಎಂದ ಷಡ್ಡಕ. "ನಾನೂ ಮಾರಾಟದವನೇ, ನನಗೆ ಗೊತ್ತು. ತತ್ತ್ವದ ಪ್ರಶ್ನೆ ಇದು. ನನ್ನ ತೋಳು ಯಾರೂ ಮುಟ್ಟಕೂಡದು."

"ಅದೂ ಸರಿ," ಎಂದ ಕನ್ನಡಕದವನು.

"ಎರಡೂ ಸರಿ ಆದ್ರೆ ನಾನು ಎಲ್ಲಿ ಮಲಗಲಿ?" ಎಂದಳು ಅತ್ತೆ, ಪೆಟ್ಟಿಗೆಯ ಮೇಲಿನಿಂದ.

ಮರುದಿನ ಕನ್ನಡಕದವನು ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದ. ದಾಖಲೆ ಪುಸ್ತಕದಲ್ಲಿ ಹೊಸ ಹಾಳೆ ತೆಗೆದು, ನೆತ್ತಿಯ ಮೇಲೆ 'ಫ್ಲೂ ಚುಚ್ಚುಮದ್ದು' ಎಂದು ಬರೆದು, ಕೆಳಗೆ ಗೆರೆ ಎಳೆದು ಎಡಕ್ಕೆ 'ಬೇಕು', ಬಲಕ್ಕೆ 'ಬೇಡ' ಎಂದು ಬರೆದ. ಯಾರು ಬಂದರೂ ಗದ್ದ ಬಟ್ಟಲಲ್ಲಿ ಸಿಕ್ಕಿಕೊಂಡ ಮೇಲೆ ಕೇಳುವುದು. ಆ ಸ್ಥಿತಿಯಲ್ಲಿ ಯಾರೂ ಎದ್ದು ಓಡುವಂತಿಲ್ಲ.

ಮೊದಲು ಸಿಕ್ಕಿದವರು ಕಾರು ಓಡಿಸಲು ಕಲಿಸುವ ಮೇಷ್ಟ್ರು. ನೂರಾಹತ್ತು ಕಿಲೋ ಆಳು.

"ಆ ಸೂಜಿಯಿಂದಲೇ ಫ್ಲೂ ಬರುತ್ತೆ ಅಂತಾರಲ್ಲ?"

"ಯಾರು ಅಂತಾರೆ?"

"ಅಂತಾರೆ." ಮೇಷ್ಟ್ರು ಬಟ್ಟಲಲ್ಲಿ ಗದ್ದ ಇಟ್ಟುಕೊಂಡೇ ತಲೆಯಾಡಿಸಲು ನೋಡಿದರು. "ನನ್ನದು ಬೇಡ ಅಂತ ಬರ್ಕೊಳ್ಳಿ."

ಹೆಸರು, ವಿಳಾಸ, ಸಹಿ.

ಹೊಲಿಗೆಯಮ್ಮ ಬಂದಳು. "ಹೋದ ವರ್ಷ ಹಾಕಿಸ್ಕೊಂಡಿದ್ದೆ. ಒಂದು ದಿನ ತೋಳು ನೋಯ್ತು, ವರ್ಷ ಪೂರ್ತಿ ಮೆಷಿನ್ ತುಳಿದೆ. ಬೇಕು. ನಿನಗೇನಾಗಿದೆ, ಹೋಗಿ ಹಾಕಿಸ್ಕೋಬಾರ್ದಾ?"

"ನಿಮ್ಮ ಅಭಿಪ್ರಾಯ ದಾಖಲಾಗಿದೆ," ಎಂದ ಕನ್ನಡಕದವನು ಗಂಭೀರವಾಗಿ.

ಬ್ಯಾಂಕಿನ ಕ್ಯಾಷಿಯರ್ 'ಬೇಡ' ಎಂದು ಬರೆಸಿ, ಬಾಗಿಲ ತನಕ ಹೋಗಿ, ವಾಪಸ್ಸು ಬಂದು, ಮನೆಯಲ್ಲಿ ಕೇಳಬೇಕಿತ್ತು ಎಂದ. ಸಂಗೀತದ ಮೇಡಂ ಗಂಟಲಿಗೆ ಚುಚ್ಚುತ್ತಾರೋ ತೋಳಿಗೋ ಎಂದು ಮೂರು ಸಲ ಕೇಳಿ 'ಬೇಕು' ಎಂದರು. ನಾಲ್ಕನೆಯ ದಿನದ ಹೊತ್ತಿಗೆ ಕನ್ನಡಕ ಬೇಡದವರೂ ಒಳಗೆ ಬಂದು ಗದ್ದ ಇಟ್ಟು ಕೂರತೊಡಗಿದರು. ಅಭಿಪ್ರಾಯ ಕೇಳುವವರು ಸಿಗುವುದು ಅಪರೂಪ. ಗಡಿಬಿಡಿಯಲ್ಲಿ ಎರಡು ಪ್ರಶ್ನೆಗಳೂ ಕಲಸಿಹೋದವು.

"ಒಂದನೆಯದೋ, ಎರಡನೆಯದೋ?"

"ಬೇಡ."

"ಗಾಜು ಕೇಳಿದ್ದು, ಸಾರ್."

"ಗಾಜಾದ್ರೆ ಬೇಕು."

ಆ ವಾರ ಅಲ್ಲಿ ಕನ್ನಡಕ ಮಾಡಿಸಿಕೊಂಡ ಮೂವರಿಗೆ ಮೆಟ್ಟಿಲು ಇರುವುದಕ್ಕಿಂತ ಒಂದು ಹೆಚ್ಚು ಕಾಣತೊಡಗಿತು. ಆ ವಿಷಯ ಆಮೇಲೆ ಬರುತ್ತದೆ.

ಹತ್ತನೆಯ ದಿನ ಮಧ್ಯಾಹ್ನ ಲೆಕ್ಕ ಹಾಕಿದ. ಬೇಕು ಇಪ್ಪತ್ತು. ಬೇಡ ಇಪ್ಪತ್ತು. ಅವನ ಕಣ್ಣಿಗೆ ಕತ್ತಲೆ ಕವಿಯಿತು. ಅಷ್ಟರಲ್ಲಿ ಟೋಪಿ ಒಳಗೆ ಬಂತು, ಅದರ ಕೆಳಗೆ ಷಡ್ಡಕ ಇದ್ದ. ಹಾಳೆ ನೋಡಿ, ಪೆನ್ನು ಕಿತ್ತುಕೊಂಡು, 'ಬೇಡ' ಕೆಳಗೆ ತನ್ನ ಹೆಸರನ್ನು ಎರಡು ಸಾಲಿನ ಎತ್ತರಕ್ಕೆ ಬರೆದು, ವಿಳಾಸ, ಸಹಿ ಸೇರಿಸಿ, ಅಡಿಗೆರೆ ಎಳೆದ. "ಆಯ್ತಲ್ಲ. ಇಪ್ಪತ್ತೊಂದು. ಜನ ತೀರ್ಮಾನ ಮಾಡಿದ್ದಾರೆ," ಎಂದು ಹೊರಟುಹೋದ.

ಕನ್ನಡಕದವನಿಗೆ ಹೊರೆ ಇಳಿದಂತಾಯಿತು. ಹಗುರ ಮನಸ್ಸಿನಿಂದ ಹಿಂದಿನ ಕೋಣೆಗೆ ಹೋಗಿ ಗಾಜು ಉಜ್ಜುವ ಯಂತ್ರ ಶುರು ಮಾಡಿದ.

ಆಗಲೇ ಪಕ್ಕದ ಅಂಗಡಿಯವನು ಬಂದದ್ದು. ರಬ್ಬರ್ ಸ್ಟಾಂಪ್ ಮಾಡುವವನು. ಬೀದಿಯಲ್ಲಿ ಅವನನ್ನು ಸೀಲಪ್ಪ ಎನ್ನುತ್ತಿದ್ದರು. ಊರಿನ ಎಲ್ಲ ಕಚೇರಿಗಳ ಸೀಲುಗಳೂ ಅವನ ಕೈಯಿಂದ ಹೋದವು. ಸೀಲಿಲ್ಲದ ಕಾಗದ ಕಂಡರೆ ಅವನಿಗೆ ಬಟ್ಟೆಯಿಲ್ಲದ ಮನುಷ್ಯನನ್ನು ಕಂಡಷ್ಟು ಸಂಕೋಚ. ಮೇಜಿನ ಮೇಲೆ ನಲವತ್ತೊಂದು ಹೆಸರು, ನಲವತ್ತೊಂದು ವಿಳಾಸ, ನಲವತ್ತೊಂದು ಸಹಿ ಇರುವ ಹಾಳೆಯೊಂದು ಬೆತ್ತಲೆ ಬಿದ್ದಿತ್ತು.

"ಇದೇನ್ರೀ ಇದು?"

"ಫ್ಲೂ ಚುಚ್ಚುಮದ್ದಿನ ಪಟ್ಟಿ!" ಎಂದು ಒಳಗಿನಿಂದ ಕೂಗು ಬಂತು. "ಎಲ್ಲರೂ ಸಹಿ ಹಾಕಿದಾರೆ!"

"ಸೀಲೇ ಇಲ್ಲವಲ್ರೀ! ಹೀಗೇ ಇಟ್ಕೊಂಡಿದೀರಾ?"

"ನೀವೇ ಏನಾದ್ರೂ ಮಾಡಿ!"

ಈ ಮಾತನ್ನು ಕನ್ನಡಕದವನು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದ. ಯಾರೂ ಏನೂ ಮಾಡುತ್ತಿರಲಿಲ್ಲ. ಸೀಲಪ್ಪ ಮಾಡಿದ. ಹಾಳೆಯನ್ನು ತನ್ನ ಅಂಗಡಿಗೆ ಒಯ್ದು, ನೆತ್ತಿಗೆ 'ಸಾರ್ವಜನಿಕ ಮನವಿ' ಎಂದು ಒತ್ತಿದ. ಅದರ ಕೆಳಗೆ ಎಡಕ್ಕೊಂದು ಬಲಕ್ಕೊಂದು ಕೆಂಪಕ್ಷರದಲ್ಲಿ 'ತುರ್ತು', 'ತುರ್ತು' ಎಂದು ಒತ್ತಿದ. 'ಬೇಕು' 'ಬೇಡ' ಎರಡೂ ಕೆಂಪು ಶಾಯಿಯ ಕೆಳಗೆ ಮುಳುಗಿಹೋದವು. ಮರುದಿನ ಆರೋಗ್ಯ ಕಚೇರಿಗೆ ಹೊಸ ಸೀಲು ತಲುಪಿಸಲು ಹೋಗುವುದಿತ್ತು. ಹಾಳೆಯನ್ನೂ ಜೊತೆಗೇ ತಲುಪಿಸಿದ. ಇಷ್ಟು ಚೆಂದ ಸೀಲು ಬಿದ್ದ ಮನವಿ ಆ ಕಚೇರಿಗೆ ಹಿಂದೆಂದೂ ಬಂದಿರಲಿಲ್ಲವಂತೆ.

ಇತ್ತ ಮನೆಯಲ್ಲಿ ಹೆಂಡತಿ ಕೇಳಿದಳು: "ಏನಾಯ್ತು ನಿಮ್ಮ ಪಟ್ಟಿ?"

"ಇಪ್ಪತ್ತು, ಇಪ್ಪತ್ತೊಂದು. ಬೇಡ ಅಂತ ಬಂತು," ಎಂದ, ಬೇರೆ ಯಾವುದೋ ಊರಿನ ಚುನಾವಣೆಯ ಸುದ್ದಿ ಹೇಳಿದಂತೆ.

ಹೆಂಡತಿ ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಎದ್ದು ನಿಂತಳು. ಪೆಟ್ಟಿಗೆಯನ್ನು ಬಾಗಿಲ ಬಳಿಯಿಂದ ಎಳೆದುಕೊಂಡು ತನ್ನ ಕೋಣೆಗೆ ಹೋದಳು. ಪೆಟ್ಟಿಗೆಯ ಒಂದು ಚಕ್ರ ಕೀರಲು ದನಿ ಮಾಡುತ್ತಿತ್ತು. ಒಳಗೆ ಬೀರುವಿನ ಬಾಗಿಲು ತೆರೆಯಿತು, ಬಟ್ಟೆಗಳನ್ನು ಒಂದೊಂದಾಗಿ ವಾಪಸ್ಸು ಇಡುವ ಸದ್ದು ಕೇಳಿಸಿತು. ಅವಳ ಬಟ್ಟೆ ಹೆಚ್ಚಿರಲಿಲ್ಲ, ಬೇಗ ಮುಗಿಯಿತು.

ಕನ್ನಡಕದವನು ಬೆಳಿಗ್ಗೆ ಎದ್ದವನೇ ಆ ನೂರಿಪ್ಪತ್ತು ಹೆಜ್ಜೆಯನ್ನು ಅರವತ್ತರಲ್ಲಿ ಮುಗಿಸಿ ಔಷಧಿ ಅಂಗಡಿಯ ಮುಂದೆ ನಿಂತ.

"ಫ್ಲೂ ಲಸಿಕೆ."

"ಮುಗೀತಲ್ಲ ಸಾರ್," ಎಂದ ಔಷಧಿಯವನು. "ನಿನ್ನೆ ಸಂಜೆತನಕ ಇತ್ತು. ಇನ್ನು ಬರೋಕೆ ಹತ್ತು ದಿನ ಆಗುತ್ತೆ."

ಊರಲ್ಲಿ ಇನ್ನೂ ಆರು ಔಷಧಿ ಅಂಗಡಿಗಳಿದ್ದವು. ಎಲ್ಲ ಕಡೆ ಇದೇ ಮಾತು. ಡಾಕ್ಟರಮ್ಮನ ಫ್ರಿಜ್ಜೂ ಖಾಲಿ. ಮರುದಿನ ಪಕ್ಕದ ಊರಿಗೆ ಬಸ್ಸು ಹತ್ತಿದ. ಅಲ್ಲಿಯವರು ಅವನ ಊರಿನಲ್ಲಿ ಸಿಗಬಹುದು ಎಂದರು.

ಕೊನೆಯ ದಿನ ಬಂತು. ಹಡಗಿಗೆ ಸರಿಯಾಗಿ ಹದಿನಾಲ್ಕು ದಿನ. ಕನ್ನಡಕದವನು ತಲೆ ತಗ್ಗಿಸಿಕೊಂಡು ಅಂಗಡಿ ತೆರೆಯಲು ಬಂದರೆ, ಬಾಗಿಲಿನಿಂದ ತಿರುವಿನ ತನಕ ಸಾಲು. ಎಲ್ಲರ ಕೈಯಲ್ಲೂ ಒಂದೊಂದು ಪತ್ರ. 'ತಮ್ಮ ತುರ್ತು ಮನವಿಯ ಮೇರೆಗೆ ತಮಗೆ ಫ್ಲೂ ಲಸಿಕೆ ಮಂಜೂರಾಗಿದೆ. ಕನ್ನಡಕದ ಅಂಗಡಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ತಪ್ಪದೆ ಹಾಜರಾಗತಕ್ಕದ್ದು.' ಸಾಲಿನ ತುದಿಯಲ್ಲಿ ಆರೋಗ್ಯ ಕಚೇರಿಯ ಅಧಿಕಾರಿ ಚರ್ಮದ ಚೀಲ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಐಸಿನ ಡಬ್ಬಿ ಹಿಡಿದ ನರ್ಸಮ್ಮ. ಸೀಲಪ್ಪ ಸ್ವಂತ ಮಗಳ ಮದುವೆಯಂತೆ ಎಲ್ಲರನ್ನೂ ಬರಮಾಡಿಕೊಳ್ಳುತ್ತಿದ್ದ.

"ನಿಮ್ಮ ಕಾಗದಕ್ಕೆ ಒಂದು ಗತಿ ಕಾಣಿಸಿದೆ ನೋಡಿ!" ಎಂದ.

ಕನ್ನಡಕದವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇದೂ ಎರಡರಲ್ಲಿ ಒಂದು ಆರಿಸುವ ವಿಷಯ. ಓಡಿಹೋಗಿ ಅಧಿಕಾರಿಯ ಮುಂದೆ ತೋಳು ಚಾಚಿದ.

ಅಧಿಕಾರಿ ಪಟ್ಟಿಯ ಮೇಲೆ ಬೆರಳು ಓಡಿಸಿದರು. "ನಿಮ್ಮ ಹೆಸರಿಲ್ಲ."

"ಸಾರ್, ಪಟ್ಟಿ ನನ್ನದೇ."

"ಪಟ್ಟಿ ನಿಮ್ಮದು. ಹೆಸರು ಇಲ್ಲ. ನೀವು ಯಾಕೆ ಸಹಿ ಹಾಕಲಿಲ್ಲ?"

ಅವನು ಊರನ್ನೆಲ್ಲ ಕೇಳಿದ್ದ, ತನ್ನನ್ನು ಕೇಳಿಕೊಂಡಿರಲಿಲ್ಲ.

"ನಲವತ್ತೊಂದು ಹೆಸರು, ನಲವತ್ತೊಂದು ಸೂಜಿ," ಎಂದರು ಅಧಿಕಾರಿ. "ಯಾರಾದ್ರೂ ಬೇಡ ಅಂದ್ರೆ ಆಗ ನೋಡೋಣ."

ಕನ್ನಡಕದವನ ಮುಖ ಅರಳಿತು. ಬೇಡ ಎಂದವರು ಇಪ್ಪತ್ತೊಂದು ಜನ! ಕಾರಿನ ಮೇಷ್ಟ್ರನ್ನು ಕೈಹಿಡಿದು ಮುಂದಕ್ಕೆ ತಂದ. "ಸಾರ್, ಇವರು ಬೇಡದವರು. ಹೇಳಿ ಮೇಷ್ಟ್ರೇ, ಹೇಳಿ."

"ಹೌದು, ನಾನು ಬೇಡ ಅಂತಲೇ ಬರೆದದ್ದು," ಎಂದರು ಮೇಷ್ಟ್ರು.

"ಹಾಗಾದ್ರೆ ಮಂಜೂರಾದದ್ದನ್ನ ರದ್ದು ಮಾಡಿಬಿಡ್ತೀನಿ," ಎಂದು ಅಧಿಕಾರಿ ಪೆನ್ನು ತೆಗೆದರು.

ಮೇಷ್ಟ್ರು ಪತ್ರವನ್ನು ಎದೆಗೊತ್ತಿಕೊಂಡರು. "ರದ್ದಾ? ನನಗೆ ಮಂಜೂರಾದದ್ದಾ? ಹನ್ನೆರಡು ವರ್ಷದಿಂದ ನೀರಿನ ನಲ್ಲಿಗೆ ಅರ್ಜಿ ಹಾಕ್ತಿದೀನಿ, ಅದು ಮಂಜೂರಾಗಲಿಲ್ಲ. ಇದೊಂದು ಆಗಿದೆ. ಬಿಡೋದು ಹೇಗ್ರೀ?"

"ಇದರಿಂದ ಫ್ಲೂ ಬರಲ್ಲ ಸಾರ್," ಎಂದಳು ನರ್ಸಮ್ಮ. "ತೋಳು ನೋಯಬಹುದು, ಒಂದು ದಿನ ಮೈ ಬೆಚ್ಚಗಾಗಬಹುದು. ನಿಮಗೆ ಒಪ್ಪಿಗೆ ಇದ್ರೆ ಮಾತ್ರ."

"ಒಪ್ಪಿಗೆ," ಎಂದು ಮೇಷ್ಟ್ರು ಕೂತರು. ಕುರ್ಚಿಯ ಹಿಂಗಾಲು ಲಟಕ್ಕೆಂದಿತು. ನೆಲಕ್ಕೆ ಕೂತಲ್ಲೇ ಹಾಕಿಸಿಕೊಂಡರು.

ಆಮೇಲೆ ಬೇಡದವರೆಲ್ಲ ಅದೇ ದಾರಿ ಹಿಡಿದರು. ಕ್ಯಾಷಿಯರ್, ಮನೆಯಲ್ಲಿ ಕೇಳಿಕೊಂಡೇ ಬಂದಿದ್ದ. ನರ್ಸಮ್ಮ ಪ್ರತಿಯೊಬ್ಬರನ್ನೂ ಒಪ್ಪಿಗೆಯೇ ಎಂದು ಕೇಳುವಳು, ಕನ್ನಡಕದವನು ಉಸಿರು ಹಿಡಿಯುವನು, ಅವರು ಒಪ್ಪುವರು. ಇಪ್ಪತ್ತು. ಮೂವತ್ತು. ಮೂವತ್ತೊಂಬತ್ತು. ಅಷ್ಟರಲ್ಲಿ ಸುದ್ದಿ ತಿಳಿದು ಹೆಂಡತಿಯೂ ಅವಳ ಅಕ್ಕನೂ ಬಂದರು. ಹಿಂದೆ ಅತ್ತೆ, ಪೆಟ್ಟಿಗೆ ಇಲ್ಲದೆ. ನಲವತ್ತು. ಡಬ್ಬಿಯಲ್ಲಿ ಉಳಿದದ್ದು ಒಂದು.

"ನಲವತ್ತೊಂದು!" ಎಂದು ಅಧಿಕಾರಿ ಕೂಗಿದರು.

ಟೋಪಿ ಮುಂದೆ ಬಂತು. ಷಡ್ಡಕ ಪತ್ರವನ್ನು ಗಾಳಿಯಲ್ಲಿ ಬೀಸುತ್ತ, ಇಡೀ ಬೀದಿಗೆ ಭಾಷಣ ಶುರು ಮಾಡಿದ.

"ನಾನು ತತ್ತ್ವ ಬಿಟ್ಟವನಲ್ಲ! ಇವರೆಲ್ಲ ಸೀಲಿಗೆ ಬಗ್ಗಿದರು. ನಾನು ಬಗ್ಗಲ್ಲ. ಈ ತೋಳಿಗೆ ಸೂಜಿ ತಾಗಿಲ್ಲ, ತಾಗೋದೂ ಇಲ್ಲ!"

ನರ್ಸಮ್ಮ ಅವನನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ಟೋಪಿಯನ್ನು.

"ಸಾರ್, ನಿಮಗೆ ಇನ್ನೊಂದು ಬೇಕಾಗಿಲ್ಲ," ಎಂದಳು. "ಹತ್ತು ದಿನದ ಹಿಂದೆ ನಾನೇ ಹಾಕಿದೀನಲ್ಲ, ಕಚೇರಿಯ ದವಾಖಾನೇಲಿ. ಹಡಗಿಗೆ ಹೋಗ್ತಿದೀನಿ, ಬೇಗ ಹಾಕಿ ಅಂದ್ರಿ. ಟೋಪಿ ತೆಗೀರಿ ಅಂದ್ರೆ ತೆಗೀಲಿಲ್ಲ."

ಹೊಲಿಗೆಯಮ್ಮ ಮೂಗಿನಿಂದ ನಕ್ಕಳು.

ಷಡ್ಡಕನ ಹೆಂಡತಿ ಎರಡು ಹೆಜ್ಜೆ ಮುಂದೆ ಬಂದಳು. "ಹಾಕಿಸ್ಕೊಂಡಿದ್ದೀರಾ?"

"ಪ್ರಶ್ನೆ ಅದಲ್ಲ..."

"ಅದೇ ಪ್ರಶ್ನೆ. ಹಾಕಿಸ್ಕೊಂಡು ಇಷ್ಟು ದಿನ ನನ್ನ ತಲೆ ಯಾಕೆ ತಿಂದ್ರಿ? ಅಮ್ಮ ನಿಮ್ಮಿಂದ ಪೆಟ್ಟಿಗೆ ಬಿಚ್ಚಿಬಿಟ್ಟಳು!"

"ಡಾಕ್ಟರಮ್ಮನಿಗೆ ಕೊನೇಲಿ ಚೀಟಿ ಕೊಡೋನೇ ಇದ್ದೆ," ಎಂದ ಷಡ್ಡಕ, ದನಿ ಇಳಿಸಿ. "ಮೊದಲ ದಿನ ಬೇಡ ಅಂದುಬಿಟ್ಟಿದ್ದೆ. ಆಮೇಲೆ ಹೇಗೆ ಬದಲಾಯಿಸೋದು?"

ಕನ್ನಡಕದವನಿಗೆ ಇದೊಂದೂ ಕೇಳಿಸುತ್ತಿರಲಿಲ್ಲ. ಅವನ ಕಣ್ಣು ಡಬ್ಬಿಯ ಮೇಲಿತ್ತು. "ಸಾರ್, ಆ ಒಂದು..."

"ನಲವತ್ತೊಂದನೆಯ ಹೆಸರಿಗೆ ಮಂಜೂರಾದದ್ದು," ಎಂದರು ಅಧಿಕಾರಿ. "ಹೆಸರು ಬದಲಾಯಿಸೋಕೆ ತಿದ್ದುಪಡಿ ಬೇಕು. ತಿದ್ದುಪಡಿಗೆ ಸೀಲು ಬೇಕು. ಆ ಸೀಲು ಕಚೇರೀಲಿದೆ, ಕಚೇರಿ..."

ಸೀಲಪ್ಪ ಆಗಲೇ ತನ್ನ ಅಂಗಡಿಗೆ ಓಡಿದ್ದ. ಎರಡು ನಿಮಿಷಕ್ಕೆ ಏದುಸಿರು ಬಿಡುತ್ತ ವಾಪಸ್ಸಾದ. "ನಿಮ್ಮ ಕಚೇರೀದೇ, ಸಾರ್. ಇನ್ನೊಂದು ಹೊಸದು. ಸೋಮವಾರ ತಲುಪಿಸೋದಿತ್ತು." ಅಧಿಕಾರಿ ಅದನ್ನು ತಿರುಗಿಸಿ ನೋಡಿ, ಅಕ್ಷರದ ಅಂಚು ಮೆಚ್ಚಿಕೊಂಡು, ಷಡ್ಡಕನ ಎರಡು ಸಾಲು ಎತ್ತರದ ಹೆಸರಿನ ಮೇಲೆ ತಾವೇ ಒತ್ತಿ, ಸಹಿ ಹಾಕಿದರು. 'ತಿದ್ದುಪಡಿ ಮಂಜೂರು.'

ಕನ್ನಡಕದವನು ಕುರ್ಚಿ ಇಲ್ಲದ್ದರಿಂದ ಕಣ್ಣು ನೋಡುವ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತ. ಅಭ್ಯಾಸಬಲದಿಂದ ಗದ್ದವನ್ನು ಬಟ್ಟಲಿನಲ್ಲಿ ಇಟ್ಟ. ನರ್ಸಮ್ಮ ಸೂಜಿ ಎತ್ತಿಕೊಂಡಳು.

"ಎಡಗೈಯೋ, ಬಲಗೈಯೋ?"

ಅವನು ಬೆವರಿದ. "ಯಾವುದು ಒಳ್ಳೇದು?"

"ಎರಡೂ ಒಂದೇ. ನೀವು ಹೇಳಿ."

"ಎಡ!" ಎಂದರು ಮೇಷ್ಟ್ರು ನೆಲದ ಮೇಲಿನಿಂದ. "ಬಲ! ಎಡಗೈಲಿ ಗಾಜು ಹಿಡೀತಾನೆ," ಎಂದಳು ಹೊಲಿಗೆಯಮ್ಮ. ಸಾಲು ಎರಡು ಭಾಗವಾಯಿತು. ಎಡದವರು ಇತ್ತ, ಬಲದವರು ಅತ್ತ. ಸೀಲಪ್ಪ ಹೊಸ ಹಾಳೆ ತೆಗೆದು ನಡುವೆ ಗೆರೆ ಎಳೆಯತೊಡಗಿದ. ಕನ್ನಡಕದವನು ಗದ್ದ ಬಟ್ಟಲಲ್ಲಿ ಇಟ್ಟುಕೊಂಡೇ ಕಣ್ಣು ಹೊರಳಿಸಿ ಅತ್ತೆಯ ಕಡೆ ನೋಡಿದ. ಅವಳು ಕೈಕಟ್ಟಿ ನಿಂತಿದ್ದಳು.

"ಎಡ," ಎಂದ ಕನ್ನಡಕದವನು.

ಗೆರೆ ಇನ್ನೂ ಅರ್ಧಕ್ಕೆ ಬಂದಿತ್ತು. ಸೂಜಿ ಹೋಗಿ ಬಂದದ್ದೂ ಅವನಿಗೆ ತಿಳಿಯಲಿಲ್ಲ. ಹೆಂಡತಿ ಗೋಡೆಗೆ ಒರಗಿ, ಎರಡು ವಾರದ ಉಸಿರನ್ನು ಒಂದೇ ಸಲ ಬಿಟ್ಟಳು.

ಅಂದೇ ಮಧ್ಯಾಹ್ನ ಡಾಕ್ಟರಮ್ಮ ಐದು ಚೀಟಿ ಎಣಿಸಿ ಪತ್ರಕ್ಕೆ ಸಹಿ ಹಾಕಿದರು. ಪತ್ರದ ಮೇಲಿನ ಸೀಲು ಸ್ವಲ್ಪ ಮಾಸಿದೆ ಎಂದು ಸೀಲಪ್ಪನಿಗೆ ತೋರಿಸಿದಾಗ ಅವನು ನೊಂದುಕೊಂಡ. ಸಂಜೆ ಒಂದು ಚಕ್ರ ಕೀರಲು ದನಿ ಮಾಡುತ್ತ ಅತ್ತೆಯ ಪೆಟ್ಟಿಗೆ ಬಾಗಿಲ ಬಳಿ ವಾಪಸ್ಸು ಬಂತು.

ಹಡಗಿನಲ್ಲಿ ಮೊದಲ ದಿನ ಅತ್ತೆ ಹಾಸಿಗೆಯ ನಾಲ್ಕೂ ಮೂಲೆ ಎತ್ತಿ ನೋಡಿದಳು. "ಮಡಿಕೆ ಸರಿಯಿಲ್ಲ. ಇಸ್ತ್ರಿ ಪರವಾಗಿಲ್ಲ," ಎಂದು ಹೇಳಿ ಮಲಗಿದಳು. ಊಟದ ಹಾಲಿನಲ್ಲಿ ಯಾರ್ಯಾರೋ ಕೆಮ್ಮಿದರು, ಎದುರಿನ ಕ್ಯಾಬಿನ್ನಿನ ದಂಪತಿಗೆ ಮೂರು ದಿನ ಜ್ವರ. ಈ ಐವರಲ್ಲಿ ಹಾಸಿಗೆ ಹಿಡಿದವಳು ಅತ್ತೆ ಒಬ್ಬಳೇ. ಅದೂ ದಿನಕ್ಕೆ ಹತ್ತು ಗಂಟೆ, ಗೊರಕೆಯೊಂದಿಗೆ. ಲಸಿಕೆಯ ಪುಣ್ಯವೋ, ಅದೃಷ್ಟವೋ ಎಂದು ಯಾರೋ ಕೇಳಿದಾಗ ಕನ್ನಡಕದವನು "ಲಸಿಕೆ" ಎಂದ. ಹೆಂಡತಿ ಬೆರಗಾಗಿ ತಿರುಗಿ ನೋಡಿದಳು. ನಾಲ್ಕನೆಯ ದಿನ ಮೇಲಿನ ಡೆಕ್ಕಿನಲ್ಲಿ ಗಾಳಿ ಎದ್ದಾಗ ಷಡ್ಡಕ ಜೀವನದಲ್ಲಿ ಮೊದಲ ಸಲ ಬರಿತಲೆಯಲ್ಲಿ ಸಮುದ್ರ ನೋಡಿದ. ಅವನ ಹೆಂಡತಿ ನೀರಿನ ಕಡೆ ಕೈಬೀಸಿದಳು.

ಹೋದವರು ಐದು ಜನ, ಬಂದವರು ಐದು ಜನ. ನಷ್ಟವಾದದ್ದು: ತಪ್ಪಾಗಿ ಉಜ್ಜಿದ ಕನ್ನಡಕ ಮೂರು, ಕುರ್ಚಿ ಒಂದು, ಟೋಪಿ ಒಂದು.